ತಲೆಗೆ ಪೆಟ್ಟು ಬಿದ್ದರೆ ಮುಚ್ಚಿಡಬೇಡಿ: ಕಾಲೇಜು ಆಟಗಾರರು ಯಾಕೆ ಹೇಳಬೇಕು?

ಕಬಡ್ಡಿ ಅಂಕಣದಲ್ಲಿ ತಲೆಗೆ ತಲೆ ಡಿಕ್ಕಿಯಾದರೂ 'ಏನೂ ಆಗಿಲ್ಲ ಸಾರ್' ಅಂತ ಮಣ್ಣು ಕೊಡವಿಕೊಂಡು ಏಳುವ ಹುಡುಗರೇ ಜಾಸ್ತಿ. ಹೇಳಿದರೆ ಟೀಮಿಂದ ಹೊರಗಿಡ್ತಾರೆ ಅನ್ನೋ ಭಯ.

ಪೆಟ್ಟಿಗೆ ಮೆದುಳು ಅಲುಗಿ ಅದರ ಕೆಲಸ ಏರುಪೇರಾಗುವುದೇ ಕನ್‌ಕಷನ್. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಸ್ಕ್ಯಾನ್‌ನಲ್ಲೂ ಕಾಣದಿರಬಹುದು. ಹಾಗಾಗಿ ಆಟಗಾರ ಬಾಯಿಬಿಡದಿದ್ದರೆ ಕೋಚ್‌ಗೆ ಗೊತ್ತಾಗೋದು ಕಷ್ಟ. 2019ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಆರ್ಚರ್ ಎಸೆತ ಕುತ್ತಿಗೆಗೆ ಬಡಿದರೂ ಸ್ಟೀವ್ ಸ್ಮಿತ್ ಪರೀಕ್ಷೆ ಪಾಸಾಗಿ ಮತ್ತೆ ಬ್ಯಾಟ್ ಹಿಡಿದಿದ್ದರು. ಲಕ್ಷಣ ಕಾಣಿಸಿದ್ದು ಮರುದಿನ; ಅವರ ಬದಲು ಲಬುಶೇನ್ ಆಡಿದರು.

ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ, ಅಪರೂಪಕ್ಕಾದರೂ, ಜೀವಕ್ಕೇ ಕುತ್ತು. ತಲೆನೋವು, ತಲೆಸುತ್ತು, ಮಂಪರು ಇದ್ದರೆ ಅವತ್ತಿನ ಆಟ ಅಲ್ಲಿಗೇ ನಿಲ್ಲಬೇಕು; ಪದೇ ಪದೇ ವಾಂತಿಯಾದರೆ ತಕ್ಷಣ ಆಸ್ಪತ್ರೆ. ಪೆಟ್ಟು ತಿಂದವನು ಹೇಳದಿದ್ದರೆ ಜತೆಗಾರನಾದರೂ ಕೋಚ್ ಕಿವಿಗೆ ಹಾಕಲಿ.