ಶ್ವಾಸಮಾರ್ಗದ ಆರ್ದ್ರೀಕರಣ

ಶ್ವಾಸಮಾರ್ಗದ ಆರ್ದ್ರೀಕರಣ ಎಂದರೆ ವೆಂಟಿಲೇಟರ್‌ ನೆರವಿನಿಂದ ಉಸಿರಾಡುವ ರೋಗಿಗೆ ನೀಡುವ ಅನಿಲವನ್ನು ಬೆಚ್ಚಗಾಗಿಸಿ, ಅದಕ್ಕೆ ತೇವಾಂಶ ಸೇರಿಸುವ ಕ್ರಿಯೆ.

ಅಗತ್ಯ

ಸಹಜ ಉಸಿರಾಟದಲ್ಲಿ ಮೂಗು ಮತ್ತು ಗಂಟಲು ಈ ಕೆಲಸವನ್ನು ಮಾಡುತ್ತವೆ. ಶ್ವಾಸಕೋಶದ ಒಳಭಾಗವನ್ನು ತಲುಪುವ ವೇಳೆಗೆ ಗಾಳಿಯ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್‌ ಆಗಿದ್ದು, ಪ್ರತಿ ಲೀಟರಿನಲ್ಲಿ ಸುಮಾರು 44 ಮಿಲಿಗ್ರಾಂ ನೀರಾವಿ ಇರುತ್ತದೆ. ಶ್ವಾಸನಾಳಕ್ಕೆ ಕೊಳವೆ ಅಳವಡಿಸಿದಾಗ ಗಾಳಿಯು ಮೂಗು ಮತ್ತು ಗಂಟಲನ್ನು ಹಾಯದೆ ನೇರವಾಗಿ ಒಳಸೇರುತ್ತದೆ. ಆಸ್ಪತ್ರೆಗಳಲ್ಲಿ ಪೂರೈಸುವ ಆಮ್ಲಜನಕ ಶುಷ್ಕವಾಗಿರುವುದರಿಂದ ಕಫ ಗಟ್ಟಿಯಾಗುತ್ತದೆ. ಅದನ್ನು ಮೇಲಕ್ಕೆ ಸಾಗಿಸುವ ಸೂಕ್ಷ್ಮ ರೋಮಗಳ ಚಲನೆ ಕುಂದುತ್ತದೆ. ಗಟ್ಟಿಯಾದ ಕಫದಿಂದ ಕೊಳವೆ ಮುಚ್ಚಿಹೋದರೆ ಪ್ರಾಣಾಪಾಯ ಸಂಭವಿಸಬಹುದು.

ವಿಧಾನಗಳು

ಸಕ್ರಿಯ ವಿಧಾನದಲ್ಲಿ ಅನಿಲವನ್ನು ಬಿಸಿನೀರಿನ ಪಾತ್ರೆಯ ಮೂಲಕ ಹಾಯಿಸಲಾಗುತ್ತದೆ. ಪ್ರತಿ ಲೀಟರಿಗೆ 33ರಿಂದ 44 ಮಿಲಿಗ್ರಾಂ ತೇವಾಂಶ ಇದರ ಗುರಿ. ನಿಷ್ಕ್ರಿಯ ವಿಧಾನದಲ್ಲಿ ಕೊಳವೆಯ ಹೊರತುದಿಗೆ ಒಂದು ಸಣ್ಣ ಶೋಧಕದಂತಹ ಸಾಧನವನ್ನು ಜೋಡಿಸಲಾಗುತ್ತದೆ. ಇದು ನಿಶ್ವಾಸದ ಶಾಖ ಮತ್ತು ತೇವವನ್ನು ಹಿಡಿದಿಟ್ಟು ಮುಂದಿನ ಉಸಿರಿಗೆ ಮರಳಿಸುತ್ತದೆ. ಕನಿಷ್ಠ 30 ಮಿಲಿಗ್ರಾಂ ಒದಗಿಸಬೇಕು. ಇದಕ್ಕೆ ವಿದ್ಯುತ್ತು ಬೇಕಿಲ್ಲ. ಆದರೆ ಕಫ ಹೆಚ್ಚಾಗಿ, ಗಟ್ಟಿಯಾಗಿ ಅಥವಾ ರಕ್ತಮಿಶ್ರಿತವಾಗಿ ಬರುವ ರೋಗಿಗಳಿಗೆ ಇದು ಸೂಕ್ತವಲ್ಲ.

ಎಚ್ಚರಿಕೆಗಳು

ಎರಡೂ ಸಾಧನಗಳನ್ನು ಒಟ್ಟಿಗೆ ಬಳಸಬಾರದು. ನಿಷ್ಕ್ರಿಯ ಸಾಧನವು ನೀರು ಹೀರಿ ಗಾಳಿಯ ಹರಿವನ್ನು ತಡೆಯಬಹುದು. ಸಕ್ರಿಯ ವಿಧಾನದಲ್ಲಿ ಕೊಳವೆಗಳೊಳಗೆ ಸಂಗ್ರಹವಾಗುವ ನೀರು ಸೋಂಕುಕಾರಕವಾಗಿರಬಹುದಾದ್ದರಿಂದ ಅದು ರೋಗಿಯ ಕಡೆಗೆ ಹರಿಯದಂತೆ ಹೊರತೆಗೆಯಬೇಕು. ಯಾವ ವಿಧಾನವಾದರೂ ಕಫದ ಸಾಂದ್ರತೆಯನ್ನು ಆಗಾಗ ಪರಿಶೀಲಿಸುವುದು ಅವಶ್ಯಕ.