ಅಜ್ಜನ ಯೆಜ್ಡಿಗೆ ಯುಗಾದಿ ಗಡುವು

ಗುಜರಿಯವನು ನಾಲ್ಕೂವರೆ ಸಾವಿರ ಅಂದಿದ್ದ. ಅಪ್ಪ ಐದು ಕೇಳಿದ್ದ. ಐನೂರು ರೂಪಾಯಿಯ ಆ ಚೌಕಾಸಿ ಇನ್ನೂ ನಡೆದಿರುವಾಗಲೇ ನಾನು ಬೆಂಗಳೂರಿನಿಂದ ಬ್ಯಾಗು ಹೊತ್ತುಕೊಂಡು ಅಂಗಳಕ್ಕೆ ಬಂದೆ. ಕೊಟ್ಟಿಗೆಯ ಮೂಲೆಯಲ್ಲಿ ಹದಿನಾಲ್ಕು ವರ್ಷ ಖಾಲಿ ಚೀಲಗಳ ಕೆಳಗೆ ಬಿದ್ದಿದ್ದ ಅಜ್ಜನ ಯೆಜ್ಡಿಯನ್ನು ಬಾಗಿಲ ತನಕ ಎಳೆದು ತಂದಿದ್ದರು. ಎರಡೂ ಟಯರು ನೆಲಕ್ಕೆ ಅಂಟಿದ್ದವು. ಸೀಟಿನೊಳಗೆ ಇಲಿ ಸಂಸಾರ ಮಾಡಿತ್ತು.

‘ಅಪ್ಪಾ, ಕೊಡಬ್ಯಾಡ. ನಾ ರಿಪೇರಿ ಮಾಡ್ತೀನಿ’ ಅಂದೆ.

‘ನಿನಗ ಸೈಕಲ್ಲಿನ ಚೈನ್ ಹಾಕಾಕ ಬರಂಗಿಲ್ಲ, ಇದನ್ನೇನ್ ಮಾಡ್ತೀಯೋ?’ ಅಂದ ಅಪ್ಪ. ಗುಜರಿಯವನ ಎದುರಿಗೇ ಹೇಳಿದ್ದು ಚುಚ್ಚಿತು. ಆದರೆ ಅದು ಸುಳ್ಳೇನೂ ಆಗಿರಲಿಲ್ಲ. ಕೊನೆಗೆ ಒಂದು ಮಾತಿಗೆ ಬಂದ: ‘ಯುಗಾದಿ ತನಕ ಬಿಡ್ತೀನಿ. ಅಷ್ಟ್ರಾಗ ಚಾಲೂ ಆಗಲಿಲ್ಲಂದ್ರ ಗುಜರಿಗೆ ಹೋತು.’

ನನ್ನದು ಮೆಕ್ಯಾನಿಕಲ್ ಡಿಪ್ಲೊಮಾ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎರಡು ವರ್ಷ ಗುತ್ತಿಗೆ ಕೆಲಸ ಮಾಡಿದ್ದೆ. ಬೆಳಿಗ್ಗೆಯಿಂದ ಸಂಜೆ ತನಕ ಒಂದೇ ನಮೂನೆಯ ಬುಷ್‌ಗಳನ್ನು ಮೈಕ್ರೋಮೀಟರ್ ಹಿಡಿದು ಅಳೆಯುವುದು, ಸರಿ ಇದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. ನವೆಂಬರ್‌ನಲ್ಲಿ ಗುತ್ತಿಗೆ ಮುಗಿಯಿತು, ಮುಂದುವರಿಯಲಿಲ್ಲ. ಕೈಯಲ್ಲಿ ಅರವತ್ತು ಸಾವಿರ ಉಳಿತಾಯ, ಮುಂದೇನು ಎಂಬುದಕ್ಕೆ ಉತ್ತರ ಇಲ್ಲ. ಹಾವೇರಿ ಮತ್ತು ಬ್ಯಾಡಗಿ ನಡುವಿನ ನಮ್ಮ ಊರಿಗೆ ಮರಳಿದಾಗ ಇದ್ದದ್ದು ಇಷ್ಟೇ.

ಯೂಟ್ಯೂಬ್‌ನಲ್ಲಿ ಅಮೆರಿಕದ ಹುಡುಗರು ಚಳಿಗಾಲ ಪೂರ್ತಿ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಅರವತ್ತರ ದಶಕದ ಮಸ್ಟಾಂಗ್, ಕಮಾರೊ ಕಾರುಗಳನ್ನು ಬಿಚ್ಚಿ ಕೂರಿಸುವುದನ್ನು ನೀವೂ ನೋಡಿರುತ್ತೀರಿ. ಹೊರಗೆ ಹಿಮ, ಒಳಗೆ ಹೀಟರ್, ಗೋಡೆ ತುಂಬ ಸಾಲಾಗಿ ನೇತುಹಾಕಿದ ಸ್ಪ್ಯಾನರ್. ನಮ್ಮಲ್ಲಿ ಚಳಿಗಾಲವೆಂದರೆ ಮೆಣಸಿನಕಾಯಿ ಸುಗ್ಗಿ. ಕಣದ ತುಂಬ ಕೆಂಪು, ಮನೆಯ ತುಂಬ ಘಾಟು, ಸೋಮವಾರ ಮತ್ತು ಗುರುವಾರ ಬ್ಯಾಡಗಿ ಮಾರುಕಟ್ಟೆಯ ದರದ್ದೇ ಮಾತು. ನನಗೆ ಸಿಕ್ಕಿದ್ದು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕದ ಆರಡಿ ಜಾಗ, ಒಂದು ಹಳೆ ತಾಡಪತ್ರಿ, ಟ್ರ್ಯಾಕ್ಟರಿನ ನಾಲ್ಕು ಪಾನಾ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಪುಸ್ತಕದಲ್ಲಿ ಓದಿದವರು ಅದರ ಧೂಳಿನ ಕೈಯಲ್ಲಿ ಒಮ್ಮೆ ಕಣ್ಣು ಉಜ್ಜಿಕೊಂಡು ನೋಡಲಿ.

ನಮ್ಮ ಪಾಲಿನ ಮಸ್ಟಾಂಗ್ ಎಂದರೆ ಯೆಜ್ಡಿಯೇ. ಅದೂ ಹೊರಗಿನದಲ್ಲ, ಮೈಸೂರಿನದು. ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸತೊಡಗಿತು. 1973ರಿಂದ ಅದೇ ಕಾರ್ಖಾನೆಯ ಬೈಕುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. ಸ್ಥಾಪಕರಾದ ಇರಾನಿ ಮನೆತನದ ಮೂಲದ ನೆನಪಿಗೆ ಇರಾನಿನ ಯಜ್ದ್ ಊರಿನ ಹೆಸರು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2022ರಲ್ಲಿ ಮತ್ತೆ ಯೆಜ್ಡಿ ಎಂಬ ಹೆಸರಿನ ಬೈಕುಗಳು ಬಂದಿವೆ, ಆದರೆ ಅವು ಫೋರ್ ಸ್ಟ್ರೋಕ್. ಆ ಹಳೆಯ ‘ಟಂಗ್ ಟಂಗ್’ ಸದ್ದು ಅವುಗಳದ್ದಲ್ಲ.

ಅಜ್ಜನದು 1991ರ ರೋಡ್‌ಕಿಂಗ್. ಆ ವರ್ಷದ ಮೆಣಸಿನಕಾಯಿ ದುಡ್ಡಿನಲ್ಲಿ ಕೊಂಡದ್ದು. ನಂಬರ್ ಪ್ಲೇಟಿನಲ್ಲಿ ಕೆಎ 25. ಚಿಕ್ಕವನಿದ್ದಾಗ, ನಾವು ಹಾವೇರಿಯವರಾಗಿ ನಮ್ಮ ಗಾಡಿಗೆ ಯಾಕೆ ಧಾರವಾಡದ ನಂಬರು ಎಂದು ಕೇಳುತ್ತಿದ್ದೆ. ಹಾವೇರಿ ಜಿಲ್ಲೆಯಾಗಿದ್ದೇ 1997ರಲ್ಲಿ. ಕೆಎ 27 ಬಂದದ್ದು ಆಮೇಲೆ. ಈ ನಂಬರಿನ ವಿಷಯ ಕೊನೆಗೆ ನನ್ನನ್ನು ಎಷ್ಟು ಕಾಡುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೊದಲ ದಿನವೇ ಕಿಕ್ ಕದಲಲಿಲ್ಲ. ಯೆಜ್ಡಿಯ ಕಿಕ್ ಮತ್ತು ಗೇರ್ ಎರಡಕ್ಕೂ ಎಡಗಡೆ ಒಂದೇ ಲಿವರ್. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್, ಮುಂದಕ್ಕೆ ಬಂದು ಕೂತರೆ ಗೇರ್. ನಮ್ಮದು ಯಾವ ಕಡೆಗೂ ಹೋಗಲೊಲ್ಲದು. ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ತುಕ್ಕು ಹಿಡಿದು ಕೂತಿದೆ. ಸುತ್ತಿಗೆ ಎತ್ತಿಕೊಂಡೆ. ಅಷ್ಟರಲ್ಲಿ ಯಾರೋ ರಾಣೆಬೆನ್ನೂರಿನ ಮುದುಕ ಮೇಸ್ತ್ರಿಯೊಬ್ಬರ ಹೆಸರು ಹೇಳಿದರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ, ನಾನೂ ಹಾಗೇ ಅಂದೆ.

ಚಾಚಾ ಫೋಟೊ ನೋಡಿ ನಕ್ಕರು. ‘ಸುತ್ತಿಗಿ ಮುಟ್ಟಬ್ಯಾಡ ಬೇಟಾ. ಪ್ಲಗ್ ಬಿಚ್ಚಿ ಆ ತೂತಿನ್ಯಾಗ ಡೀಸೆಲ್ಲು, ಟೂಟಿ ಆಯಿಲ್ಲು ಕಲಸಿ ಹಾಕು. ದಿನಾ ಒಂದೀಟು ಹಾಕು. ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಗಾಲಿ ಹಿಡಿದು ತೂಗು.’ ನಾನು ಕೇಳಿದೆ, ‘ನೀವ ಮಾಡಿ ಕೊಡ್ತೀರೇನ್ರೀ ಚಾಚಾ?’ ಅವರ ಉತ್ತರ: ‘ನಾ ಮಾಡಿದ್ರ ನಾಲ್ಕ ದಿನ. ನೀ ಮಾಡಿದ್ರ ನಾಲ್ಕ ತಿಂಗಳ. ಯಾವುದ ಬೇಕು ಹೇಳು.’

ಎಂಟು ದಿನ ಏನೂ ಆಗಲಿಲ್ಲ. ಬೆಳಿಗ್ಗೆ ಎದ್ದು ಗಾಲಿ ತೂಗುವುದು, ಅಪ್ಪ ಎಮ್ಮೆ ಹಿಂಡಿಕೊಂಡು ಸುಮ್ಮನೆ ಹೋಗುವುದು. ಒಂಬತ್ತನೇ ದಿನ ಗಾಲಿ ಒಂದು ಬೆರಳಿನಷ್ಟು ಕದಲಿತು. ಕೂಗಿಕೊಂಡು ಅವ್ವನನ್ನು ಕರೆದೆ. ಅವ್ವ ಹಾವು ಬಂದಿದೆ ಅಂದುಕೊಂಡು ಕೋಲು ತಂದಳು.

ಸಿಲಿಂಡರ್ ಕಳಚಿ ರಾಣೆಬೆನ್ನೂರಿಗೆ ಒಯ್ದೆ. ಒಳಗೋಡೆಯಲ್ಲಿ ರಿಂಗಿನ ಜಾಗದಲ್ಲಿ ತುಕ್ಕಿನ ಆಳವಾದ ಗೆರೆ. ಲೇತಿನಲ್ಲಿ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಲೇಬೇಕು. ಇಲ್ಲಿ ಒಂದು ಮಾತು ಹೇಳಬೇಕು. ಹಳೆಯ ಗಾಡಿಗೆ ಬಿಡಿಭಾಗ ಸಿಗುವುದಿಲ್ಲ ಎಂಬುದು ಅರ್ಧ ಸತ್ಯ. ಸಿಗುತ್ತವೆ, ಆದರೆ ಒರಿಜಿನಲ್ ಎಂಬ ಚೀಟಿ ಅಂಟಿಸಿಕೊಂಡು ಎಲ್ಲ ನಮೂನೆಯವೂ ಸಿಗುತ್ತವೆ. ಒಂದು ಅಂಗಡಿಯಲ್ಲಿ ಕೊಂಡ ಪಿಸ್ಟನ್ನನ್ನು ಚಾಚಾ ಕೈಗೆ ಕೊಡುವ ಮುಂಚೆ, ಸುಮ್ಮನೆ ಅಭ್ಯಾಸಬಲದಿಂದ, ಅವರ ಮೈಕ್ರೋಮೀಟರ್ ತೆಗೆದು ಅಳೆದೆ. ಡಬ್ಬಿಯ ಮೇಲೆ ಬರೆದ ಅಳತೆಗೂ ಒಳಗಿದ್ದ ಪಿಸ್ಟನ್ನಿಗೂ ಹೊಂದಲಿಲ್ಲ. ರಿಂಗನ್ನು ಸಿಲಿಂಡರಿನೊಳಗೆ ಕೂರಿಸಿ ಬಾಯಿಯ ಸಂದಿಗೆ ಫೀಲರ್ ಗೇಜ್ ತೂರಿಸಿದೆ. ಅದೂ ಅಗಲ. ಚಾಚಾ ಕನ್ನಡಕ ಮೇಲಕ್ಕೆತ್ತಿ ನನ್ನ ಮುಖ ನೋಡಿದರು. ‘ಇದನ್ನ ಎಲ್ಲಿ ಕಲ್ತಿ?’

ಪೀಣ್ಯದಲ್ಲಿ ಎರಡು ವರ್ಷ ದಿನಕ್ಕೆ ಎಂಟು ಗಂಟೆ ಅಳೆದದ್ದನ್ನು ನಾನು ಕೆಲಸ ಎಂದು ಎಣಿಸಿರಲೇ ಇಲ್ಲ. ಬಯೊಡೇಟಾದಲ್ಲಿ ಒಂದು ಸಾಲು ಅಷ್ಟೇ. ಆವತ್ತಿನಿಂದ ಚಾಚಾ ಬೇರೆಯವರ ಸಿಲಿಂಡರುಗಳನ್ನೂ ನನ್ನ ಮುಂದೆ ತಂದಿಡತೊಡಗಿದರು. ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ, ಮೇಲುಗಡೆ ಹೆಚ್ಚು ಸವೆಯುತ್ತದೆ. ಆದ್ದರಿಂದ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು. ಚಾಚಾ ಅದನ್ನು ಬೆರಳಿನಿಂದ ಸವರಿಯೇ ಹೇಳುತ್ತಿದ್ದರು. ನಾನು ಅಂಕಿ ಹೇಳುತ್ತಿದ್ದೆ. ಎರಡೂ ಹೊಂದಿದ ದಿನ ಚಹಾ ಅವರದ್ದು, ಹೊಂದದ ದಿನ ನನ್ನದು.

ಎಂಜಿನ್ನಿನ ಕೆಳಭಾಗದ ಹೊರಕವಚದಲ್ಲಿ ಸಣ್ಣ ಬಿರುಕಿತ್ತು. ಗುಜರಿಯಲ್ಲಿ ಇಡೀ ಕವಚ ಅಗ್ಗಕ್ಕೆ ಸಿಗುತ್ತಿತ್ತು. ಚಾಚಾ ಖಡಾಖಂಡಿತವಾಗಿ ಬೇಡ ಅಂದರು. ಎಂಜಿನ್ ನಂಬರ್ ಇರುವುದೇ ಅದರ ಮೇಲೆ. ಅದನ್ನು ಬದಲಿಸಿದರೆ ಗಾಡಿ ಓಡುತ್ತದೆ, ಆದರೆ ಕಾಗದದಲ್ಲಿ ಅದು ನಿಮ್ಮ ಗಾಡಿಯಾಗಿ ಉಳಿಯುವುದಿಲ್ಲ. ಬಿರುಕಿಗೆ ವೆಲ್ಡಿಂಗ್ ಮಾಡಿಸಿದೆವು.

ಫೆಬ್ರುವರಿಯ ಒಂದು ರಾತ್ರಿ, ಚೀಲ ಹೊಲೆದು ಮುಗಿಸಿ ಎಲ್ಲರೂ ಅಂಗಳದಲ್ಲಿದ್ದಾಗ, ಏಳನೇ ಕಿಕ್ಕಿಗೆ ಯೆಜ್ಡಿ ಚಾಲೂ ಆಯಿತು. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್. ಎರಡರಿಂದಲೂ ಬಿಳಿ ಹೊಗೆ. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಐದು ನಿಮಿಷವಾದರೂ ಹೊಗೆ ಕಡಿಮೆಯಾಗಲಿಲ್ಲ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿನಲ್ಲೇ ಎಣ್ಣೆ ಕಲಸುತ್ತೇವೆ, ಹೊಗೆ ಬರುವುದು ಸಹಜ ಅಂದುಕೊಂಡೆ. ಎರಡು ದಿನದಲ್ಲಿ ಗೇರ್ ಆಯಿಲ್ ತಳ ಕಂಡಿತು. ಹೊರಗೆ ಒಂದು ಹನಿಯೂ ಸೋರಿಲ್ಲ. ಹಾಗಾದರೆ ಎಲ್ಲಿ ಹೋಯಿತು?

ಇದು ನನಗೆ ಈ ನಾಲ್ಕು ತಿಂಗಳಲ್ಲೇ ಅತ್ಯಂತ ಇಷ್ಟವಾದ ಪಾಠ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೆಳಗಿನ ಕೋಣೆಗೆ ಬರುತ್ತದೆ, ಪಿಸ್ಟನ್ ಕೆಳಗಿಳಿದು ಒತ್ತಿದಾಗ ಮೇಲಕ್ಕೆ ಹೋಗುತ್ತದೆ. ಆ ಕೋಣೆ ಗಾಳಿಯಾಡದಂತೆ ಮುಚ್ಚಿರಬೇಕು. ಮುಚ್ಚುವುದು ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಆಯಿಲ್ ಸೀಲುಗಳು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅವು ಒಣಗಿ ಗಟ್ಟಿಯಾಗುತ್ತವೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಪಕ್ಕದ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ, ಬಿಳಿ ಹೊಗೆ ಬರುತ್ತದೆ. ಇನ್ನೊಂದು ಕಡೆಯದು ಹೋದರೆ ಹೊರಗಿನ ಗಾಳಿ ಹೀರುತ್ತದೆ, ಮಿಶ್ರಣ ತೆಳುವಾಗಿ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎಷ್ಟು ಚಿಕ್ಕ ರಬ್ಬರ್ ಬಳೆ! ಪಿಸ್ಟನ್ನಿಗೆ ಸಾವಿರಗಟ್ಟಲೆ ಸುರಿದ ನಾನು ‘ಚಲೋ ಅದಾವ’ ಎಂದು ಹಳೆಯ ಸೀಲುಗಳನ್ನೇ ಬಿಟ್ಟಿದ್ದೆ. ಕ್ಲಚ್ ಮತ್ತೆ ಬಿಚ್ಚಿದೆವು.

ಪಾಯಿಂಟಿನ ಸಂದಿ 0.4 ಮಿಲಿಮೀಟರ್ ಇಡಲು ನಾನು ಗೇಜ್ ಹುಡುಕುತ್ತಿದ್ದರೆ, ಕಿಡಿ ಹಾರುವ ಕ್ಷಣ ಹಿಡಿಯಲು ಚಾಚಾ ಸಿಗರೇಟ್ ಪ್ಯಾಕಿನ ತೆಳು ಕಾಗದ ತೆಗೆದರು. ಪಾಯಿಂಟಿನ ನಡುವೆ ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತ ಎಂಜಿನ್ ತಿರುಗಿಸುವುದು. ಕಾಗದ ಸಡಿಲಾದ ಕ್ಷಣವೇ ಟೈಮಿಂಗ್. ಅದಕ್ಕೆ ನನ್ನ ಬಳಿ ಅಂಕಿ ಇರಲಿಲ್ಲ.

ಕ್ರೋಮ್‌ಗೆ ರಿಮ್ಮು, ಹ್ಯಾಂಡಲ್ಲು, ಸೈಲೆನ್ಸರು ಹುಬ್ಬಳ್ಳಿಗೆ ಹೋಗಿ ಬಂದವು. ಟ್ಯಾಂಕಿನ ಒಳಗಿನ ತುಕ್ಕಿಗೆ ವಿನೆಗರ್ ಮತ್ತು ಒಂದು ಹಿಡಿ ಸಣ್ಣ ನಟ್ಟು ಹಾಕಿ ಎರಡು ದಿನ ಅಲ್ಲಾಡಿಸಿದೆವು. ಬಣ್ಣದ್ದು ಊರಿನ ಹುಡುಗನೇ ಹೊಡೆದ. ಒಟ್ಟು ಖರ್ಚು ನಲವತ್ಮೂರು ಸಾವಿರ. ಕೆಪಿಎಸ್‌ಸಿ ಓದುತ್ತಿರುವ ಗೆಳೆಯ ‘ಆ ದುಡ್ಡಿನ್ಯಾಗ ಧಾರವಾಡದಾಗ ಕೋಚಿಂಗ್ ಆಗತಿತ್ತಲೇ’ ಅಂದ. ಆಗುತ್ತಿತ್ತು. ಕೆಲಸ ಇಲ್ಲದವರು ಇದಕ್ಕೆ ಕೈ ಹಾಕುವ ಮುಂಚೆ ಹತ್ತು ಸಲ ಯೋಚಿಸಿ ಎಂದೇ ನಾನೂ ಹೇಳುತ್ತೇನೆ. ಮಾರಿ ಲಾಭ ಮಾಡುತ್ತೇನೆ ಅಂದುಕೊಂಡು ಶುರುಮಾಡಿದರೆ ಪಿಸ್ಟನ್ನಿನ ಹೊತ್ತಿಗೇ ಬಿಟ್ಟುಬಿಡುತ್ತೀರಿ.

ಮಾರ್ಚ್ 19, ಯುಗಾದಿ. ಮರುದಿನ ಗುಜರಿಯವನು ನೆನಪಿಟ್ಟುಕೊಂಡು ಬಂದ. ಅಪ್ಪ ಹಳೆಯ ಪಿಸ್ಟನ್ನು, ವೈರು, ತೂತು ಬಿದ್ದ ಚೈನ್ ಕವರು ಒಟ್ಟುಮಾಡಿ ಅವನ ತಕ್ಕಡಿಗೆ ಹಾಕಿ ‘ಇಷ್ಟ ಐತಿ ನೋಡಪಾ’ ಅಂದ. ಕಿಲೋಕ್ಕೆ ಎರಡು ರೂಪಾಯಿ ಹೆಚ್ಚಿಗೆ ಕೇಳಿ ಮತ್ತೆ ಚೌಕಾಸಿಗೆ ನಿಂತ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ, ಯಾಕೆಂದರೆ ಗಾಡಿ ಕಣದಿಂದ ರಸ್ತೆಗೆ ಇಳಿಯುವಂತಿಲ್ಲ. ನೋಂದಣಿ ಹದಿನೈದು ವರ್ಷಕ್ಕೆ, 2006ರಲ್ಲಿ ಮುಗಿದಾಗ ಅಜ್ಜ ಐದು ವರ್ಷ ನವೀಕರಿಸಿದ್ದ. 2011ರಲ್ಲಿ ಅದೂ ಮುಗಿಯಿತು. ಮರುವರ್ಷ ಅಜ್ಜನೇ ಹೋದ. ಆರ್‌ಸಿ ಪುಸ್ತಕ ಇನ್ನೂ ಅವನ ಹೆಸರಿನಲ್ಲಿ. ಸಂದೂಕಿನಲ್ಲಿ ಸಿಕ್ಕಿತು, ಪುಣ್ಯ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಲು ನಮೂನೆ 31, ಜತೆಗೆ ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ. ನಮ್ಮ ಇಬ್ಬರು ಸೋದರತ್ತೆಯರ ಸಹಿಗೆ ಅಪ್ಪ ಎರಡು ಊರು ತಿರುಗಿದ. ನೋಂದಣಿ ನವೀಕರಣಕ್ಕೆ ನಮೂನೆ 25. ಇಪ್ಪತ್ತು ವರ್ಷ ದಾಟಿದ ಬೈಕಿಗೆ ಇದರ ಶುಲ್ಕ 2025ರ ಆಗಸ್ಟ್‌ನಿಂದ 2,000 ರೂಪಾಯಿ. ಮೇಲೆ ಹಸಿರು ತೆರಿಗೆ, ವಿಮೆ ಬೇರೆ. ಐವತ್ತು ವರ್ಷ ದಾಟಿದ್ದರೆ 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದಿತ್ತು. ನಮ್ಮದು ಅಷ್ಟು ಮುದುಕ ಅಲ್ಲ. ಹಳೆಯ ಗಾಡಿ ಸರಿಮಾಡಬೇಕೆನ್ನುವವರು ಪಾನಾ ಹಿಡಿಯುವ ಮುಂಚೆ ಈ ಕಾಗದ ಹಿಡಿಯಿರಿ. ನಾನು ಉಲ್ಟಾ ಮಾಡಿದೆ.

ಅರ್ಜಿಗೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡಬೇಕು. ಉಜ್ಜಿದೆ. ಬರೀ ಕಪ್ಪು. ಮೂರು ಕೋಟ್ ಹೊಳೆಯುವ ಬಣ್ಣದ ಕೆಳಗೆ ನಂಬರು ಹೂತುಹೋಗಿತ್ತು. ಬಣ್ಣ ಹೊಡೆಯುವಾಗ ಆ ಜಾಗಕ್ಕೆ ಟೇಪ್ ಅಂಟಿಸಬೇಕೆಂದು ಹುಡುಗನಿಗೆ ಹೇಳಬೇಕಾದವನು ನಾನೇ.

ಎಮರಿ ಪೇಪರ್ ನೀರಿನಲ್ಲಿ ನೆನೆಸಿ, ನಾನೇ ದುಡ್ಡು ಕೊಟ್ಟು ಹೊಡೆಸಿದ ಬಣ್ಣವನ್ನು ನಾನೇ ಉಜ್ಜಿ ತೆಗೆದೆ. ಜೋರಾಗಿ ಉಜ್ಜಿದರೆ ನಂಬರೇ ಸವೆಯುತ್ತದೆ, ಆಗ ಗಾಡಿ ಇದ್ದೂ ಇಲ್ಲದಂತೆ. ಅಪ್ಪ ಕನ್ನಡಕ ಹಾಕಿಕೊಂಡು ಆರ್‌ಸಿ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತ. ಒಂದೊಂದೇ ಅಂಕಿ ಓದಿದ, ನಾನು ಅಚ್ಚಿನಲ್ಲಿ ಹುಡುಕಿದೆ. ಕೊನೆಯದು ಮೂರೋ ಎಂಟೋ ತಿಳಿಯಲಿಲ್ಲ. ಹೊಸ ಕಾಗದ ಇಟ್ಟು ಮತ್ತೆ ಉಜ್ಜಿದೆ. ಅಪ್ಪ ನನ್ನ ಕೈಯಿಂದ ಪೆನ್ಸಿಲ್ ಇಸಿದುಕೊಂಡು ತಾನೇ ಮೆಲ್ಲಗೆ ಉಜ್ಜಿದ.

‘ಮೂರ ಐತಿ’ ಅಂದ.

ನಾಳೆ ಬೆಳಿಗ್ಗೆ ಹಾವೇರಿಗೆ ಒಯ್ಯಬೇಕು, ಗೂಡ್ಸ್ ಗಾಡಿಯಲ್ಲಿ. ಹಗ್ಗದಿಂದ ಕಟ್ಟಿದರೆ ಕ್ರೋಮ್ ಗೀರುತ್ತದೆ ಅಂತ ಅಪ್ಪ ಎರಡು ಖಾಲಿ ಮೆಣಸಿನಕಾಯಿ ಚೀಲ ತೆಗೆದಿಟ್ಟಿದ್ದಾನೆ. ಹಿಂದುಗಡೆ ಗಾಡಿ ಹಿಡಿದುಕೊಂಡು ತಾನು ಕೂರುತ್ತಾನಂತೆ.