ಬಿಸಿಜಿ ಹಾಕಿಸಿದ ಮೇಲೆ ಮಗುವಿನ ಮೈಯೊಳಗೆ ಏನಾಗುತ್ತದೆ?

ಹೆರಿಗೆಯಾಗಿ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುಂಚೆಯೇ ಸಾಮಾನ್ಯವಾಗಿ ಮಗುವಿನ ಎಡ ತೋಳಿಗೆ ಬಿಸಿಜಿ ಹಾಕಿರುತ್ತಾರೆ. ಇದು ಕ್ಷಯ, ಅಂದರೆ ಟಿಬಿ ವಿರುದ್ಧದ ಲಸಿಕೆ. ಎರಡು ಮೂರು ವಾರ ಏನೂ ಕಾಣುವುದಿಲ್ಲ. ಆಮೇಲೆ ಅಲ್ಲೊಂದು ಗುಳ್ಳೆ ಏಳುತ್ತದೆ, ಒಡೆದು ಸ್ವಲ್ಪ ಕೀವು ಬರುತ್ತದೆ, ಒಣಗಿ ಕಲೆ ಉಳಿಯುತ್ತದೆ. ಸೂಜಿ ನಂಜಾಯಿತೇನೋ ಎಂದು ಮನೆಯವರಿಗೆ ಗಾಬರಿ. ನಂಜಲ್ಲ, ಲಸಿಕೆ ನಡೆಯುವ ದಾರಿಯೇ ಅದು.

ಬಿಸಿಜಿಯಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ, ದನಗಳಿಗೆ ಕ್ಷಯ ತರುವ ಜಾತಿಯದು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ 1908ರಿಂದ 13 ವರ್ಷ, 230 ಸಲ ಅದನ್ನು ಮತ್ತೆ ಮತ್ತೆ ಹೊಸದಾಗಿ ಬೆಳೆಸಿ ರೋಗ ತರುವ ಬಲವನ್ನು ಕುಗ್ಗಿಸಿದರು. 1921ರಲ್ಲಿ ಪ್ಯಾರಿಸ್‌ನ ಶಿಶುವೊಂದಕ್ಕೆ ಮೊದಲು ಕೊಟ್ಟರು.

ನರ್ಸ್ ಸೂಜಿ ಹಾಕುವುದನ್ನು ಗಮನಿಸಿ ನೋಡಿ. ಸೂಜಿಯನ್ನು ಹೆಚ್ಚುಕಡಿಮೆ ಮಲಗಿಸಿ, ಚರ್ಮದ ಪದರದೊಳಗೇ ತೂರಿಸುತ್ತಾರೆ. ಒಂದು ತಿಂಗಳೊಳಗಿನ ಮಗುವಿಗೆ 0.05 ಮಿಲಿಲೀಟರ್ ಮಾತ್ರ. ಬಿಳಿಚಿದ ಸಣ್ಣ ಉಬ್ಬು ಎದ್ದರೆ ಸರಿಯಾದ ಜಾಗಕ್ಕೆ ಬಿದ್ದಿದೆ ಎಂದರ್ಥ. ಸ್ನಾಯುವಿಗೆ ಬಿಟ್ಟು ಚರ್ಮಕ್ಕೇ ಏಕೆ? ಚರ್ಮದಲ್ಲಿ ಡೆಂಡ್ರಿಟಿಕ್ ಕೋಶಗಳು ದಟ್ಟವಾಗಿವೆ. ಇವು ಮೈಸುತ್ತ ಚಾಚುಗಳಿರುವ ಕಾವಲು ಕೋಶಗಳು. 1973ರಲ್ಲಿ ಇವನ್ನು ಗುರುತಿಸಿ ವಿವರಿಸಿದ ರಾಲ್ಫ್ ಸ್ಟೈನ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ಪ್ರಶಸ್ತಿ ಘೋಷಣೆಗೆ ಮೂರು ದಿನ ಮುಂಚೆ ಅವರು ತೀರಿಕೊಂಡಿದ್ದರು.

ಡೆಂಡ್ರಿಟಿಕ್ ಕೋಶ ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ಅದರ ಪ್ರೋಟೀನನ್ನು ಚೂರು ಮಾಡಿ ತನ್ನ ಹೊರಮೈ ಮೇಲೆ ಇಟ್ಟುಕೊಳ್ಳುತ್ತದೆ. ಈ ಗುರುತಿನ ಚೂರಿಗೆ ಆಂಟಿಜೆನ್ ಎನ್ನುತ್ತಾರೆ. ಬಳಿಕ ಆ ಕೋಶ ಚರ್ಮ ಬಿಟ್ಟು, ದುಗ್ಧನಾಳದ ದಾರಿ ಹಿಡಿದು, ಕಂಕುಳಿನ ದುಗ್ಧಗ್ರಂಥಿಗೆ ಬರುತ್ತದೆ. ಟಿ-ಕೋಶಗಳು ಬಂದು ಹೋಗುವ ಜಾಗ ಅದು. ಟಿ-ಕೋಶ ಒಂದು ಬಗೆಯ ಬಿಳಿ ರಕ್ತಕಣ. ಒಂದೊಂದೂ ಒಂದೊಂದು ಚೂರನ್ನಷ್ಟೇ ಗುರುತಿಸಬಲ್ಲದು. ಲಕ್ಷಾಂತರ ಕೋಶಗಳಲ್ಲಿ ಹೊಂದುವಂಥವು ಕೆಲವೇ.

ಹೊಂದಿದ ಮಾತ್ರಕ್ಕೆ ಟಿ-ಕೋಶ ಕೆಲಸಕ್ಕಿಳಿಯುವುದಿಲ್ಲ. ಬ್ಯಾಂಕ್ ಲಾಕರಿಗೆ ನಿಮ್ಮ ಕೀಲಿಯ ಜೊತೆ ಬ್ಯಾಂಕಿನದೂ ಬೇಕಲ್ಲ, ಹಾಗೆ ಇಲ್ಲೂ ಎರಡು ಸಂಕೇತ ಬೇಕು. ಚೂರು ಮೊದಲನೆಯದು. ಅಪಾಯ ಕಂಡ ಡೆಂಡ್ರಿಟಿಕ್ ಕೋಶ ಮಾತ್ರ ಎರಡನೆಯದನ್ನು ಕೊಡುತ್ತದೆ. ನಮ್ಮದೇ ದೇಹದ ಮೇಲೆ ಟಿ-ಕೋಶಗಳು ಸುಮ್ಮನೆ ತಿರುಗಿ ಬೀಳದಿರಲು ಇದೂ ಒಂದು ಕಾರಣ. ಬಿಸಿಜಿ ಬ್ಯಾಕ್ಟೀರಿಯಾ ಜೀವಂತವಾಗಿರುವುದರಿಂದ ಅಪಾಯದ ಸುಳಿವನ್ನು ಅದೇ ಕೊಡುತ್ತದೆ. ಜೀವಾಣುವಿನ ಬರೀ ತುಣುಕು ಇರುವ ಲಸಿಕೆಗಳಿಗೆ ಇದೇ ಕೆಲಸಕ್ಕಾಗಿ ಅಲ್ಯೂಮಿನಿಯಂ ಲವಣದಂಥ ಪ್ರಚೋದಕವನ್ನು ಬೆರೆಸುತ್ತಾರೆ.

ಎರಡೂ ಸಂಕೇತ ಸಿಕ್ಕ ಟಿ-ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಸಾವಿರಾರು ಆಗುತ್ತದೆ. ಕಂಕುಳಿನ ಈ ಗ್ರಂಥಿ ಕೆಲವು ಮಕ್ಕಳಲ್ಲಿ ಗಂಟಾಗಿ ಊದುವುದು ಲಸಿಕೆಯ ಬ್ಯಾಕ್ಟೀರಿಯಾ ಮತ್ತು ಈ ಕೋಶಗಳು ಅಲ್ಲಿ ಸೇರುವುದರಿಂದ. ಟಿಬಿಗೆ ಟಿ-ಕೋಶವೇ ಮುಖ್ಯ. ಟಿಬಿ ಬ್ಯಾಕ್ಟೀರಿಯಾ, ಜೀವಾಣುಗಳನ್ನು ನುಂಗುವ ನಮ್ಮ ಭಕ್ಷಕ ಕೋಶಗಳ ಒಳಗೇ ಅಡಗುತ್ತದೆ, ರಕ್ತದಲ್ಲಿರುವ ಪ್ರತಿಕಾಯಗಳಿಗೆ ಅಲ್ಲಿ ಸಿಗುವುದಿಲ್ಲ. ಟಿ-ಕೋಶ ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಬಿಟ್ಟು, ಒಳಗಿರುವುದನ್ನು ಕೊಲ್ಲುವಂತೆ ಭಕ್ಷಕ ಕೋಶವನ್ನು ಹುರಿದುಂಬಿಸುತ್ತದೆ. ಕೆಲಸ ಮುಗಿದ ಮೇಲೆ ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ.

ಹುಣ್ಣಿಗೆ ಏನು ಮಾಡಬೇಕು? ಏನೂ ಬೇಡ. ಅರಿಶಿನ, ಮುಲಾಮು ಹಚ್ಚಬೇಡಿ, ಹಿಂಡಬೇಡಿ. ಸ್ನಾನ ಮಾಡಿಸಬಹುದು. ಕಂಕುಳಿನ ಗಂಟು ದೊಡ್ಡದಾಗುತ್ತಿದ್ದರೆ ಅಥವಾ ಸೋರುತ್ತಿದ್ದರೆ ವೈದ್ಯರಿಗೆ ತೋರಿಸಿ. ಕಲೆಯೇ ಬೀಳದಿದ್ದರೂ ಮತ್ತೊಮ್ಮೆ ಹಾಕಿಸಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿಗೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಕೊರತೆ ಇರುವ ಶಂಕೆಯಿದ್ದರೆ, ತಾಯಿಗೆ ಎಚ್‌ಐವಿ ಇದ್ದರೆ, ಮೊದಲೇ ವೈದ್ಯರಿಗೆ ಹೇಳಿ. ಜೀವಂತ ಲಸಿಕೆ ಅಂಥ ಮಕ್ಕಳಿಗೆ ಅಪಾಯವಾದೀತು.

ಬಿಸಿಜಿಯ ಮಿತಿಯೂ ಗೊತ್ತಿರಲಿ. ಮಕ್ಕಳಲ್ಲಿ ಮಿದುಳಿಗೆ ಬರುವ ಮತ್ತು ಮೈತುಂಬ ಹರಡುವ ಟಿಬಿಯನ್ನು ಅದು ಚೆನ್ನಾಗಿ ತಡೆಯುತ್ತದೆ. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ನೆಚ್ಚುವಷ್ಟು ತಡೆಯುವುದಿಲ್ಲ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಪರೀಕ್ಷೆ ತೋರಿಸಿದ್ದು ಇದನ್ನೇ. ಹಾಗಾಗಿ ಲಸಿಕೆ ಹಾಕಿಸಿಕೊಂಡವರಿಗೂ ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಬೇಕು.

ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಸಿಜಿ ಉಚಿತ. ಖಾಸಗಿಯಲ್ಲಿ ಹಣ ಕೊಡಬೇಕು. ಸೀಸೆ ತೆರೆದು ಕಲಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು. ಅದಕ್ಕೇ ಕೆಲವೆಡೆ ಹಲವು ಮಕ್ಕಳನ್ನು ಒಂದೇ ದಿನ ಕರೆಯುತ್ತಾರೆ, ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹುಟ್ಟಿದಾಗ ತಪ್ಪಿದ್ದರೆ ಒಂದು ವರ್ಷ ತುಂಬುವವರೆಗೂ ಹಾಕಿಸಬಹುದು. ಹಾಕಿಸಿದ ಕೂಡಲೇ ತಾಯಿ ಕಾರ್ಡಿನಲ್ಲಿ ತಾರೀಖು ಬರೆಸಿಕೊಳ್ಳುವುದನ್ನು ಮರೆಯಬೇಡಿ.